ದೋಣಿಯೊಳಗಿನ ಕುಂಬು ಮರ

(ಶಾಲೆಯ ವಾರ್ಷಿಕೋತ್ಸವದ ಸಂದರ್ಭದಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಕುರಿತು ಮಾಡಿದ ಭಾಷಣ)



ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುವ ಗಾಳಿಯೊಂದನ್ನು ಬಿಟ್ಟರೆ ಕಡಲಿಗೂ ನಮ್ಮ ಆರ್.ಎಸ್. ಪುರಂಗೂ ಯಾವ ನಂಟೂ ಇಲ್ಲ. ಇಂಥ ಊರಿನಲ್ಲಿ ನಿಂತು ದೋಣಿಯ ದುರಸ್ತಿಯ ವಿಚಾರವಾಗಿ ಮಾತನಾಡಲು ಹೊರಟಿರುವ ನನ್ನನ್ನು ಕಂಡು ತಮ್ಮಲ್ಲಿ ಕೆಲವರಿಗೆ ನಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಕಾರ್ಯದರ್ಶಿಗಳು ನನಗೆ ಬರೆದ ಪತ್ರದಲ್ಲಿ, "ತಾವು ಕೈಯಾರೆ ಮಾಡಿ ಅರಿತ ವಿಷಯವೊಂದನ್ನು ಮಕ್ಕಳಿಗೆ ಹೇಳಿ" ಎಂದಿದ್ದರು. ಇದೇ ಊರಿನಲ್ಲಿ ಬಹುಕಾಲ ಮರಗೆಲಸವನ್ನು ಕಲಿಸಿದವನು ನಾನು. ಕೈಯಾರೆ ಮಾಡಿದ ಕೆಲಸಗಳು ಅನೇಕ ಇವೆ. ಆದರೆ ಕೈಯಾರೆ ಕೆಡಿಸಿ, ಆಮೇಲೆ ತಿದ್ದಿಕೊಂಡು, ಚೆನ್ನಾಗಿ ಅರಿತದ್ದು ಇದೊಂದೇ. ಆದುದರಿಂದ ಇದನ್ನೇ ಆರಿಸಿಕೊಂಡೆ.

ಈ ಮೇಜಿನ ಮೇಲೆ ಎರಡು ಮರದ ತುಂಡುಗಳನ್ನಿಟ್ಟಿದ್ದೇನೆ. ಎರಡೂ ಪ್ಲೈವುಡ್ಡೇ, ಎರಡಕ್ಕೂ ಒಂದೇ ಬಗೆಯ ಫೈಬರ್ ಹೊದಿಕೆ ಇದೆ. ದೂರದಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಇವುಗಳಲ್ಲಿ ಒಂದು ಮೂವರ ಪ್ರಾಣಕ್ಕೆ ಸಂಚಕಾರ ತಂದಿತ್ತು. ಯಾವುದೆಂಬುದನ್ನು ಕೊನೆಯಲ್ಲಿ ನೀವೇ ಕಂಡುಹಿಡಿಯತಕ್ಕದ್ದು.

ನಮ್ಮ ತಂದೆಯವರು ಹೋಟೆಲ್ ಉದ್ಯೋಗವನ್ನರಸಿಕೊಂಡು ಕುಂದಾಪುರದ ಕಡೆಯಿಂದ ಕೊಯಮತ್ತೂರಿಗೆ ಬಂದವರು. ತಾಯಿಯ ತವರು ಗಂಗೊಳ್ಳಿ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ನದಿಗಳು ಕೂಡಿ ಕಡಲನ್ನು ಸೇರುವ ಊರು ಅದು. ನನ್ನ ಸೋದರಮಾವನ ಮನೆತನ ತಲೆತಲಾಂತರದಿಂದ ಮೀನುಗಾರಿಕೆಯನ್ನೇ ನಂಬಿ ಬಾಳಿದ್ದು. ಅವರ ಹಿರಿಯರ ಕಾಲದಲ್ಲಿ ದೋಣಿ ಎಂದರೆ ಮರವೇ. ಮಾವಿನ ಮರದ ಬೊಡ್ಡೆಯನ್ನು ಕೊರೆದದ್ದಾಗಲಿ, ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದದ್ದಾಗಲಿ, ವರ್ಷಕ್ಕೊಮ್ಮೆ ಅದಕ್ಕೆ ಬೂತಾಯಿ ಮೀನಿನ ಎಣ್ಣೆಯನ್ನು ಬಳಿದು, ಮಳೆಗಾಲದಲ್ಲಿ ದಡಕ್ಕೆಳೆದು, ತೆಂಗಿನ ಮಡಲಿನ ಚಪ್ಪರದ ಕೆಳಗೆ ನಿಲ್ಲಿಸುತ್ತಿದ್ದರು. ಮಳೆಯ ನೀರಿನಿಂದ ದೋಣಿಯನ್ನು ಏಕೆ ಕಾಪಾಡಬೇಕು, ಅದು ಹೇಗಿದ್ದರೂ ನೀರಿನಲ್ಲೇ ಓಡಾಡುವುದಲ್ಲವೆ ಎಂದು ಬಾಲ್ಯದಲ್ಲಿ ಅಜ್ಜನನ್ನು ಕೇಳಿ ಬೈಸಿಕೊಂಡಿದ್ದೇನೆ. ಆ ಪ್ರಶ್ನೆಗೆ ಉತ್ತರ ಮುಂದೆ ಬರುತ್ತದೆ.

ಆ ಮೇಲೆ ಬಂದುವು ಫೈಬರ್ ದೋಣಿಗಳು. ಗಾಜನ್ನು ಕರಗಿಸಿ ಕೂದಲಿಗಿಂತ ನವುರಾದ ಎಳೆಗಳನ್ನಾಗಿ ಎಳೆದು, ಆ ಎಳೆಗಳ ಚಾಪೆಯನ್ನು ಅಚ್ಚಿನ ಮೇಲೆ ಹಾಸಿ, ರಾಳದಂಥ ದ್ರವದಲ್ಲಿ ತೋಯಿಸಿದರೆ ಅದು ಗಟ್ಟಿಯಾಗಿ ಒಂದೇ ಚಿಪ್ಪಿನಂತಾಗುತ್ತದೆ. ಅಮೆರಿಕದ ಒಹಾಯೋ ಸಂಸ್ಥಾನದ ಟೊಲೆಡೋ ಎಂಬಲ್ಲಿ ರೇ ಗ್ರೀನ್ ಎಂಬಾತನು ೧೯೪೨ರಲ್ಲಿ ಪಾಲಿಯೆಸ್ಟರ್ ರಾಳವನ್ನೂ ಗಾಜಿನ ಎಳೆಯನ್ನೂ ಕೂಡಿಸಿ ಒಂದು ಚಿಕ್ಕ ದೋಣಿಯನ್ನು ಕಟ್ಟಿದನು. ನಮ್ಮ ತಮಿಳುನಾಡಿನ ತೀರದಲ್ಲಿಯಂತೂ ೨೦೦೪ನೆಯ ಇಸವಿಯ ಡಿಸೆಂಬರ್ ೨೬ರ ಸುನಾಮಿಯು ಕಟ್ಟುಮರಗಳನ್ನೂ ದೋಣಿಗಳನ್ನೂ ಕೊಚ್ಚಿಕೊಂಡು ಹೋದ ತರುವಾಯ ಪರಿಹಾರವಾಗಿ ಬಂದವುಗಳಲ್ಲಿ ಫೈಬರ್ ದೋಣಿಗಳೇ ಹೆಚ್ಚು.

ಫೈಬರ್ ದೋಣಿಯಲ್ಲಿ ಮರವೇ ಇಲ್ಲವೆಂದು ಬಹುಮಂದಿ ತಿಳಿದಿದ್ದಾರೆ. ಅದು ತಪ್ಪು. ನಿಮ್ಮ ಕೈಯಲ್ಲಿರುವ ಅಳತೆಪಟ್ಟಿಯನ್ನು ಮಲಗಿಸಿ ಬಗ್ಗಿಸಿರಿ, ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿರಿ, ಬಾಗುವುದಿಲ್ಲ. ದಪ್ಪ ಹೆಚ್ಚಿದಂತೆ ಬಾಗುವಿಕೆ ಬಹಳ ಬೇಗನೆ ಕಡಮೆಯಾಗುತ್ತದೆ. ನಾಲ್ಕೈದು ಮಿಲ್ಲಿಮೀಟರಿನ ಫೈಬರ್ ಚಿಪ್ಪು ತಾನೊಂದೇ ಆದರೆ ಅಲೆಯ ಹೊಡೆತಕ್ಕೆ ಮುರ ಬಡಿದಂತೆ ಅದುರುತ್ತದೆ. ಆದುದರಿಂದ ತಳದ ಉದ್ದಕ್ಕೂ ಮರದ ತೊಲೆಗಳನ್ನಿಟ್ಟು ಅವುಗಳ ಮೇಲೆ ಫೈಬರ್ ಹೊದಿಸುವುದುಂಟು. ಯಂತ್ರವನ್ನು ತೂಗುಹಾಕುವ ಹಿಂಬದಿಯ ಅಡ್ಡಗೋಡೆಯಲ್ಲಿಯೂ, ಎರಡು ಫೈಬರ್ ಪದರಗಳ ನಡುವೆ, ದಪ್ಪನಾದ ಪ್ಲೈವುಡ್ ಇರುತ್ತದೆ. ಈ ಅಡ್ಡಗೋಡೆಯನ್ನು ಇನ್ನು ಮುಂದೆ ಹಿಂಗೋಡೆ ಎಂದೇ ಕರೆಯುತ್ತೇನೆ. ಸಿಮೆಂಟಿನ ಚೀಲದಷ್ಟು ತೂಕದ ಯಂತ್ರ ಅದಕ್ಕೆ ಜೋತು ಬಿದ್ದಿರುತ್ತದೆ. ಜೋತು ಬಿದ್ದಿರುವುದಷ್ಟೇ ಅಲ್ಲ, ಇಡೀ ದೋಣಿಯನ್ನು ಅದರ ಮೂಲಕವೇ ಮುಂದಕ್ಕೆ ತಳ್ಳುತ್ತದೆ.

ಇನ್ನು ಮರ ಕುಂಬಾಗುವುದು ಹೇಗೆ ಎಂಬ ವಿಷಯ. ಇದಕ್ಕಾಗಿ ನೀವು ದೂರ ಹೋಗಬೇಕಾಗಿಲ್ಲ. ನಮ್ಮ ಬಡಾವಣೆಯಲ್ಲೇ, ಅರಣ್ಯ ಇಲಾಖೆಯ ಆವರಣದಲ್ಲಿ, ೧೯೦೨ರಲ್ಲಿ ಸ್ಥಾಪಿತವಾದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯವಿದೆ. ಗ್ಯಾಸ್ ಎಂಬುದು ಅನಿಲವಲ್ಲ, ಒಬ್ಬ ಅರಣ್ಯಾಧಿಕಾರಿಯ ಹೆಸರು. ಅಲ್ಲಿ ಬಗೆಬಗೆಯ ಮರದ ಮಾದರಿಗಳಿವೆ. ಮರವೆಂಬುದು ಘನವಸ್ತುವಲ್ಲ, ಸಣ್ಣ ಕೊಳವೆಗಳ ಕಟ್ಟು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಅವುಗಳನ್ನು ನೋಡಿರಿ. ಆ ಕೊಳವೆಗಳ ಗೋಡೆ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ದ್ರವ್ಯಗಳಿಂದಾದದ್ದು. ಅಣಬೆಯ ಜಾತಿಗೆ ಸೇರಿದ ಶಿಲೀಂಧ್ರಗಳು ಇವುಗಳನ್ನು ಆಹಾರವಾಗಿ ತಿನ್ನುತ್ತವೆ. ಅವುಗಳ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇವೆ. ಈ ಸಭಾಂಗಣದಲ್ಲಿಯೂ ಇವೆ. ಮರ ಒಣಗಿದ್ದರೆ ಅವು ಏನನ್ನೂ ಮಾಡಲಾರವು. ಒಣಮರದ ತೂಕದ ನೂರಕ್ಕೆ ಇಪ್ಪತ್ತು ಪಾಲಿಗಿಂತ ಕಡಮೆ ತೇವವಿರುವ ಮರ ಕುಂಬಾಗುವುದಿಲ್ಲವೆಂದೇ ಹೇಳಬಹುದು. ಮೂವತ್ತರ ಹತ್ತಿರಕ್ಕೆ ಹೋಯಿತೆಂದರೆ ಅಣಬೆಗೆ ಹಬ್ಬ.

ಆದರೆ ಬರಿಯ ನೀರಿದ್ದರೂ ಸಾಲದು, ಗಾಳಿಯೂ ಬೇಕು. ಬೇಲಿಯ ಗೂಟವನ್ನು ಕಿತ್ತು ನೋಡಿದ್ದೀರಾ? ಆಳದ ತುದಿಗಿಂತ, ಮೇಲಿನ ತುದಿಗಿಂತ, ನೆಲಕ್ಕೆ ಸೋಕುವ ಜಾಗದಲ್ಲೇ ಅದು ಮೊದಲು ಕುಂಬಾಗಿರುತ್ತದೆ. ಅಲ್ಲಿ ತೇವವೂ ಗಾಳಿಯೂ ಎರಡೂ ಸಿಕ್ಕುತ್ತವೆ. ಗಡಿಯಾಚೆ ಕೇರಳದಲ್ಲಿ ಹಳೆಯ ಬಾವಿಗಳ ತಳದಲ್ಲಿ ನೆಲ್ಲಿಮರದ ಹಲಗೆಯನ್ನು ಹಾಕುತ್ತಿದ್ದರು. ಸದಾ ನೀರಿನೊಳಗೆ ಮುಳುಗಿರುವುದರಿಂದ ಅದು ಬಹುಕಾಲ ಬಾಳುತ್ತದೆ. ಮತ್ತೊಂದು ಸಂಗತಿ ಎಂದರೆ ಕಡಲಿನ ಉಪ್ಪುನೀರು ಈ ಅಣಬೆಗಳಿಗೆ ಹಿಡಿಸುವುದಿಲ್ಲ. ಉಪ್ಪಿನಲ್ಲಿಟ್ಟ ಮಾವಿನಕಾಯಿ ಕೆಡದಂತೆ ಉಪ್ಪುನೀರು ಕುಡಿದ ಮರವೂ ಬೇಗ ಕುಂಬಾಗುವುದಿಲ್ಲ. (ಉಪ್ಪುನೀರಿನಲ್ಲಿ ಮರವನ್ನು ಕೊರೆಯುವ ಹುಳುಗಳ ಕಾಟ ಬೇರೆ ಇದೆ, ಅದು ಬೇರೆಯೇ ಕಥೆ.) ದೋಣಿಯನ್ನು ಒಳಗಿನಿಂದ ತಿನ್ನುವುದು ಮಳೆಯ ಸಿಹಿನೀರು. ನಮ್ಮ ಅಜ್ಜ ಚಪ್ಪರ ಹಾಕುತ್ತಿದ್ದುದು ಅದಕ್ಕೇ. ಕೊಯಮತ್ತೂರಿನಲ್ಲಿ ವರ್ಷಕ್ಕೆ ಆರೇಳು ನೂರು ಮಿಲ್ಲಿಮೀಟರ್ ಮಳೆ ಬಿದ್ದರೆ ಉಡುಪಿಯ ಕಡೆ ಸುಮಾರು ೪೦೦೦ ಮಿಲ್ಲಿಮೀಟರ್ ಬೀಳುತ್ತದೆ.

ಫೈಬರಿನ ಹೊದಿಕೆ ಈ ನೀರನ್ನು ತಡೆಯಬೇಕು. ತಡೆಯುತ್ತದೆ, ಹೊದಿಕೆ ಅಖಂಡವಾಗಿರುವ ತನಕ. ಯಂತ್ರವನ್ನು ಬಿಗಿಯಲು ಹಿಂಗೋಡೆಯಲ್ಲಿ ನಾಲ್ಕು ತೂತು ಕೊರೆಯುತ್ತಾರೆ. ನೀರು ಬಸಿಯಲೆಂದು ಕೆಳಗೊಂದು ತೂತು. ಹಗ್ಗ ಕಟ್ಟುವ ಕೊಂಡಿಗೆಂದು ಇನ್ನೆರಡು. ಬೈರಿಗೆ ಹೊರಪದರವನ್ನು ದಾಟಿ, ಮರವನ್ನು ದಾಟಿ, ಒಳಪದರವನ್ನು ದಾಟಿ ಹೋಗುತ್ತದೆ. ತೂತಿನ ಒಳಮೈಯಲ್ಲಿ ಬೆತ್ತಲಾದ ಮರದ ಕೊಳವೆಗಳು ಬಾಯ್ದೆರೆದುಕೊಂಡಿರುತ್ತವೆ. ಬೋಲ್ಟನ್ನು ತುರುಕಿ, ಸ್ವಲ್ಪ ಮೇಣವನ್ನು ಮೆತ್ತಿ, ಕೆಲಸ ಮುಗಿಯಿತೆನ್ನುತ್ತಾರೆ. ಯಂತ್ರ ಅದುರಿದಾಗ ಆ ಮೇಣ ಬಿಡುತ್ತದೆ. ಒಳಹೊಕ್ಕ ನೀರು ಹೊರಗೆ ಬರಲು ದಾರಿಯಿಲ್ಲ, ಎರಡೂ ಕಡೆ ಹೊದಿಕೆ! ಬರಿಮರದ ದೋಣಿ ನೆನೆದರೆ ಬಿಸಿಲಿಗೆ ಒಣಗುತ್ತಿತ್ತು, ಇದು ಒಣಗುವುದಿಲ್ಲ. ರಕ್ಷಣೆಗೆಂದು ಹೊದಿಸಿದ ಕವಚವೇ ರೋಗವನ್ನು ಒಳಗೆ ಬಚ್ಚಿಟ್ಟು ಬೆಳೆಸುತ್ತದೆ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ. ಮಾವನ ದೋಣಿ ಹದಿನಾರು ವರ್ಷ ಹಳೆಯದು. ಕರ್ನಾಟಕದ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರ ತನಕ ೬೧ ದಿನ ಯಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳ ರಿಪೇರಿಗೆ ಎಲ್ಲರಿಗೂ ಬಿಡುವು ಸಿಕ್ಕುವುದು ಆಗಲೇ. ೨೦೧೬ರ ಜೂನ್ ತಿಂಗಳಿನಲ್ಲಿ ನಾನು ರಜೆಗೆಂದು ಗಂಗೊಳ್ಳಿಗೆ ಹೋಗಿದ್ದಾಗ ಹಿಂಗೋಡೆಯ ಮೇಲಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದುವು. ಮಾವ ಸುತ್ತಿಗೆಯ ಹಿಡಿಯಿಂದ ಕುಟ್ಟಿ, "ಒಳ್ಗೆ ಕುಂಬಾಯ್ತ್ ಮಾಣಿ" ಎಂದರು. ನಾನು ಮರಗೆಲಸದ ಮೇಷ್ಟರು. ನನಗೆ ಗೊತ್ತಿಲ್ಲದ ಮರವುಂಟೆ? ಬಿರುಕನ್ನು ಕೆರೆದು, ಎರಡು ಪದರ ಫೈಬರ್ ಚಾಪೆ ಹಾಸಿ, ರಾಳ ಬಳಿದು, ಬಣ್ಣ ಹಚ್ಚಿ, ಮೂರೇ ದಿನದಲ್ಲಿ ಹೊಸದರಂತೆ ಮಾಡಿಕೊಟ್ಟೆ. ಹೊರಗೆ ಹಗಲಿರುಳೂ ಮಳೆ ಸುರಿಯುತ್ತಿತ್ತು. ಆ ತೇವದ ಗಾಳಿಯಲ್ಲಿ ಫೈಬರ್ ಕೆಲಸ ಮಾಡಬಾರದೆಂಬುದು ಆಗ ನನಗೆ ತಿಳಿಯದು. ತಿಳಿದಿದ್ದರೂ ಒಳಗಿನ ಕುಂಬನ್ನು ಹಾಗೆಯೇ ಬಿಟ್ಟ ಮೇಲೆ ಪ್ರಯೋಜನವಿರಲಿಲ್ಲ.

ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ದೂರವಾಣಿ ಬಂತು. ಮಾವನ ಮಗನೂ ಇನ್ನಿಬ್ಬರೂ ದಡದಿಂದ ಏಳೆಂಟು ಕಿಲೋಮೀಟರ್ ಹೊರಗೆ ಇದ್ದಾಗ ಹಿಂಗೋಡೆ ಎರಡೂ ಮೂಲೆಗಳಲ್ಲಿ ಸೀಳಿ, ಯಂತ್ರ ಹಿಂದಕ್ಕೆ ವಾಲಿತ್ತು. ಮೂವರೂ ಕೂಡಿ ಅದನ್ನು ಹಗ್ಗದಿಂದ ಬಿಗಿದು ಒಳಗೆಳೆದುಕೊಳ್ಳುವಷ್ಟರಲ್ಲಿ ಮೊಣಕಾಲಿನ ತನಕ ನೀರು ತುಂಬಿತ್ತಂತೆ. ಅಕ್ಕಪಕ್ಕದಲ್ಲಿ ಇನ್ನೊಂದು ದೋಣಿ ಇದ್ದುದರಿಂದ ದಡ ಸೇರಿದರು. ನಾನು ಮರುದಿನವೇ ಹೊರಟೆ. ಮಾವ ಬೈಯಲಿಲ್ಲ. ಮುರಿದ ಜಾಗದಿಂದ ಬೆರಳಿನಲ್ಲೇ ಒಂದು ಹಿಡಿ ಮರವನ್ನು ಕಿತ್ತು ನನ್ನ ಕೈಯಲ್ಲಿಟ್ಟರು. ಹಿಂಡಿದಾಗ ನೀರು ಬಂತು. "ಎಂತ ಮಾಣಿ, ಹುಣ್ಣಿನ ಮೇಲೆ ಹೊಸ ಅಂಗಿ ಹಾಕ್ರೆ ಹುಣ್ಣ್ ವಾಸಿ ಆತ್ತಾ?" ಎಂದಷ್ಟೇ ಕೇಳಿದರು.

ಸರಿಯಾದ ಕೆಲಸಕ್ಕೆ ಎಷ್ಟು ದಿನ ಬೇಕೆಂದು ಕೇಳಿದರು. ಇಪ್ಪತ್ತೈದು ದಿನ ಎಂದೆ. ಅದು ಮೀನು ಸಿಕ್ಕುವ ಕಾಲ. ಇಪ್ಪತ್ತೈದು ದಿನ ದೋಣಿ ದಡದಲ್ಲಿದ್ದರೆ ಮೂರು ಮನೆಗಳ ಸಂಪಾದನೆ ನಿಂತಂತೆ. ಮಾವ ಬಹಳ ಹೊತ್ತು ಸುಮ್ಮನಿದ್ದು, ಆಗಲಿ ಎಂದರು.

ಮೊದಲು ರೋಗದ ಎಲ್ಲೆಯನ್ನು ಹುಡುಕಬೇಕು. ಗಟ್ಟಿಮರದ ಮೇಲಿನ ಫೈಬರನ್ನು ಕುಟ್ಟಿದರೆ ಟಣ್ ಎನ್ನುತ್ತದೆ. ಕುಂಬಾದ ಮರದ ಮೇಲೆ ಡಬ್ ಎನ್ನುತ್ತದೆ, ಹಣ್ಣಾದ ಹಲಸನ್ನು ತಟ್ಟಿದಂತೆ. ಅನುಮಾನವಿದ್ದಲ್ಲಿ ಒಳಗಡೆಯಿಂದ ಐದು ಮಿಲ್ಲಿಮೀಟರಿನ ತೂತು ಕೊರೆದು ಬೈರಿಗೆಗೆ ಹತ್ತಿದ ಹೊಟ್ಟನ್ನು ನೋಡಬೇಕು. ತಿಳಿಬಣ್ಣದ ಒಣ ಸುರುಳಿಯಾದರೆ ಕ್ಷೇಮ. ಸೋಸಿದ ಕಾಫಿಯ ಚರಟದಂತೆ ಕಪ್ಪಗೆ ಒದ್ದೆಯಾಗಿ ಮುಗ್ಗುಲು ವಾಸನೆಯಿದ್ದರೆ ಆ ಭಾಗ ಹೋಯಿತು. ಕಣ್ಣನ್ನು ಮಾತ್ರ ನಂಬಬಾರದು. ಕಂದು ಕುಂಬೆಂಬ ಜಾತಿಯಲ್ಲಿ, ಮರದ ತೂಕ ನೂರಕ್ಕೆ ಹತ್ತು ಪಾಲು ಕಡಮೆಯಾಗುವ ಮುಂಚೆಯೇ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರಬಹುದು. ಅಂದರೆ ಮರ ಮರದಂತೆಯೇ ಕಾಣುತ್ತಿರುವಾಗ ಒಳಗೆ ಸತ್ವವಿರುವುದಿಲ್ಲ. ನಮ್ಮ ದೋಣಿಯಲ್ಲಿ ಹಿಂಗೋಡೆ ಪೂರ್ತಿಯಾಗಿ ಹೋಗಿತ್ತು. ಎರಡು ತೊಲೆಗಳ ಹಿಂತುದಿ ಒಂದೊಂದು ಮೊಳ ಹೋಗಿತ್ತು.

ಕತ್ತರಿಸುವ ಮುಂಚೆ ದೋಣಿಯ ಕೆಳಗೆ ಅಲ್ಲಲ್ಲಿ ಆಸರೆ ಕೊಟ್ಟು ಅದರ ಆಕಾರ ಕದಲದಂತೆ ನಿಲ್ಲಿಸಬೇಕು. ಎಲುಬು ತೆಗೆದಾಗ ಚಿಪ್ಪು ಜೋತರೆ ಆ ಓರೆ ಶಾಶ್ವತವಾಗಿ ಉಳಿಯುತ್ತದೆ. ಬಳಿಕ ಒಳಗಡೆಯ ಪದರವನ್ನು ಮಾತ್ರ, ಸುತ್ತಲೂ ಎರಡು ಮೂರು ಅಂಗುಲದ ಅಂಚನ್ನು ಬಿಟ್ಟು, ಕೊಯ್ದು ತೆಗೆದೆವು. ಹೊರಪದರವನ್ನು ಮುಟ್ಟಲಿಲ್ಲ, ಅದೇ ನಮಗೆ ಅಚ್ಚು. ಕುಂಬು ಮರವನ್ನು ಉಳಿ ಕೊಡತಿಗಳಿಂದ ತೆಗೆದೆವು. ಕೆಲವು ಕಡೆ ಕೈಯಿಂದಲೇ ಬಂತು, ಕೆಲವು ಕಡೆ ಹಟ ಹಿಡಿಯಿತು. ತೊಲೆಗಳಲ್ಲಿ ಗಟ್ಟಿಮರ ಸಿಕ್ಕಿದ ಮೇಲೂ ಇನ್ನೊಂದು ಗೇಣು ಮುಂದಕ್ಕೆ ಕೊಯ್ದೆವು, ಏಕೆಂದರೆ ಅಣಬೆಯ ಎಳೆಗಳು ಕಣ್ಣಿಗೆ ಕಾಣುವ ಎಲ್ಲೆಯನ್ನು ದಾಟಿ ಮರದ ಉದ್ದಕ್ಕೂ ಹೋಗಿರುತ್ತವೆ. ಆ ಗೇಣು ಮರವನ್ನು ಕೊಯ್ಯುವಾಗ ಬಡಗಿಯ ಕೈ ಹಿಂಜರಿಯುತ್ತದೆ, ನೋಡಲು ಅದು ಚೆನ್ನಾಗಿಯೇ ಇರುತ್ತದೆ.

ಅನಂತರ ಒಣಗಿಸುವುದು. ನಮ್ಮ ಇಪ್ಪತ್ತೈದು ದಿನಗಳಲ್ಲಿ ಹನ್ನೆರಡು ದಿನ ಇದಕ್ಕೇ ಹೋದುವು. ಟಾರ್ಪಾಲಿನ ಚಪ್ಪರದ ಕೆಳಗೆ ಎರಡು ಫ್ಯಾನು, ರಾತ್ರಿ ಒಂದು ಬಿಸಿದೀಪ. ಲೆಕ್ಕದ ಪಾಠ ಉಪಯೋಗಕ್ಕೆ ಬಂದದ್ದು ಇಲ್ಲಿ, ಮಕ್ಕಳೆ. ಉಳಿದ ತೊಲೆಯಿಂದ ಒಂದು ಚೂರು ತೆಗೆದು ತೂಗಿದೆವು: ೬೪ ಗ್ರಾಂ. ಅದನ್ನು ಒಲೆಯ ಬಳಿ ಇನ್ನು ತೂಕ ಇಳಿಯದೆನ್ನುವ ತನಕ ಒಣಗಿಸಿ ತೂಗಿದರೆ ೫೦ ಗ್ರಾಂ. ಹೋದ ನೀರು ೧೪ ಗ್ರಾಂ. ಒಣತೂಕಕ್ಕೆ ಹೋಲಿಸಿದರೆ ನೂರಕ್ಕೆ ೨೮. ಹನ್ನೆರಡು ದಿನದ ಮೇಲೆ ತೆಗೆದ ಇನ್ನೊಂದು ಚೂರು ೪೬ರಿಂದ ೪೦ಕ್ಕೆ ಇಳಿಯಿತು, ಎಂದರೆ ನೂರಕ್ಕೆ ೧೫. ಆಗ ಮಾತ್ರ ಮುಂದಿನ ಕೆಲಸಕ್ಕೆ ಕೈ ಹಚ್ಚಿದೆ. ಮಾವ ದಿನವೂ ಬಂದು ತಕ್ಕಡಿಯನ್ನು ನೋಡಿಕೊಂಡು ಹೋಗುತ್ತಿದ್ದರು.

ಹೊಸ ಹಿಂಗೋಡೆಗೆ ರಟ್ಟಿನಲ್ಲಿ ಆಕಾರ ತೆಗೆದು, ೧೮ ಮಿಲ್ಲಿಮೀಟರಿನ ಎರಡು ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ೩೬ ಮಿಲ್ಲಿಮೀಟರ್ ಮಾಡಿದೆವು. ಹಲಗೆ ಕೊಳ್ಳುವಾಗ ಐ.ಎಸ್. ೭೧೦ ಎಂಬ ಮುದ್ರೆಯನ್ನು ನೋಡಿ ಕೊಳ್ಳಬೇಕು. ಅದು ಹಡಗಿನ ಕೆಲಸದ ಪ್ಲೈವುಡ್ಡಿಗೆ ಭಾರತೀಯ ಮಾನಕ. ೭೨ ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಅದರ ಅಂಟು ಬಿಡಬಾರದೆಂಬುದು ನಿಯಮ. ಹಾಗೆಂದು ಅದನ್ನು ಅಮರವೆಂದು ಭಾವಿಸಕೂಡದು. ಅಂಟು ಬಾಳಿದರೂ ಸದಾ ನೆನೆಯುವ ಮರ ಒಂದಲ್ಲ ಒಂದು ದಿನ ಕೆಡುತ್ತದೆ. ಅಂಟಿಗೆ ಪಾಲಿಯೆಸ್ಟರ್ ರಾಳವನ್ನು ಬಿಟ್ಟು ಎಪಾಕ್ಸಿಯನ್ನು ಬಳಸಿದೆ. ಬೆಲೆ ಹೆಚ್ಚು, ಆದರೆ ಮರವನ್ನು ಹಿಡಿಯುವ ಗುಣವೂ ನೀರನ್ನು ತಡೆಯುವ ಗುಣವೂ ಅದರಲ್ಲಿ ಹೆಚ್ಚು. ಹಲಗೆಯ ಅಂಚುಗಳಿಗೆ ಮೂರು ಸಲ ಅದನ್ನು ಕುಡಿಸಿದೆ. ಅಂಚಿನಲ್ಲೇ ಕೊಳವೆಗಳ ಬಾಯಿ ಇರುವುದು. ಬಳಿಕ ಎಪಾಕ್ಸಿಗೆ ಮರದ ನುಣುಪು ಹುಡಿಯನ್ನು ಕೂಡಿಸಿ, ಸೌಟಿನಿಂದ ಬೀಳದಷ್ಟು ಗಟ್ಟಿಯಾದ ಹದಕ್ಕೆ ತಂದು, ಹೊರಪದರದ ಒಳಮೈಗೆ ಬಳಿದು, ಹಲಗೆಯನ್ನು ಒತ್ತಿ ಬಿಗಿದೆವು. ಸುತ್ತಲೂ ಒಂದೇ ಸಮನಾಗಿ ಮೇಣ ಉಕ್ಕಿ ಬಂದಾಗಲೇ ಒಳಗೆ ಪೊಳ್ಳು ಉಳಿದಿಲ್ಲವೆಂಬ ಭರವಸೆ. ತೊಲೆಗಳ ಹೊಸ ತುದಿಗಳನ್ನು ಓರೆಯಾಗಿ ಸೀಳಿ ಹಳೆಯದಕ್ಕೆ ಬೆಸೆದೆವು.

ಮೂಲೆಗಳನ್ನು ಮೊನಚಾಗಿ ಬಿಡಬಾರದು, ಅಲ್ಲಿ ಗಾಜಿನ ಎಳೆ ಮಡಿಕೆಯಾಗಿ ಮುರಿಯುತ್ತದೆ. ಅದೇ ಮೇಣದಿಂದ ಚಮಚದ ಬೆನ್ನಿನಲ್ಲಿ ತೀಡಿ ದುಂಡಗೆ ಮಾಡಬೇಕು. ಹಳೆಯ ಫೈಬರಿನ ಅಂಚನ್ನು ದಪ್ಪದ ಹನ್ನೆರಡರಷ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ನಮ್ಮದು ಐದು ಮಿಲ್ಲಿಮೀಟರ್, ಆದುದರಿಂದ ೬೦ ಮಿಲ್ಲಿಮೀಟರ್ ಇಳಿಜಾರು. ಅದರ ಮೇಲೆ ಗಾಜಿನ ಬಟ್ಟೆಯ ಪದರಗಳನ್ನು, ಒಂದಕ್ಕಿಂತ ಒಂದು ಅಗಲವಾಗಿ ಹಾಸಿದೆವು. ಪದರಗಳ ನಡುವೆ ಎಪಾಕ್ಸಿ ಗಟ್ಟಿಯಾದಾಗ ಮೇಲೆ ಜಿಡ್ಡಿನಂಥದು ಕೂತರೆ ನೀರಿನಿಂದ ತೊಳೆದು, ಒರಸಿ, ಉಜ್ಜಿಯೇ ಮುಂದಿನದನ್ನು ಹಾಸಬೇಕು.

ಇಷ್ಟೆಲ್ಲ ಮಾಡಿ, ಮತ್ತೆ ಹಳೆಯ ರೀತಿಯಲ್ಲೇ ತೂತು ಕೊರೆದರೆ ಹತ್ತು ವರ್ಷದಲ್ಲಿ ಅದೇ ಕಥೆ. ೧೨ ಮಿಲ್ಲಿಮೀಟರಿನ ಬೋಲ್ಟಿಗೆ ೨೦ ಮಿಲ್ಲಿಮೀಟರಿನ ತೂತು ಕೊರೆದೆವು. ಅದನ್ನು ಗಟ್ಟಿ ಎಪಾಕ್ಸಿಯಿಂದ ಪೂರ್ತಿ ತುಂಬಿ, ಅದು ಕಲ್ಲಾದ ಮೇಲೆ, ನಟ್ಟನಡುವೆ ಮತ್ತೆ ೧೨ ಮಿಲ್ಲಿಮೀಟರಿಗೆ ಕೊರೆದೆವು. ಈಗ ಬೋಲ್ಟಿನ ಸುತ್ತ ನಾಲ್ಕು ಮಿಲ್ಲಿಮೀಟರಿನ ಗೋಡೆ ಇದೆ. ಮೇಣ ಬಿಟ್ಟರೂ ನೀರು ಮರವನ್ನು ಮುಟ್ಟಲಾರದು. ಅರ್ಧ ದಿನದ ಕೆಲಸವಿದು. ದೋಣಿ ಹೊಸದಾಗಿದ್ದಾಗಲೇ ಯಾರಾದರೂ ಈ ಅರ್ಧ ದಿನವನ್ನು ವ್ಯಯಿಸಿದ್ದರೆ ನಾನು ಇಂದು ಇಲ್ಲಿ ಬೇರೆ ವಿಷಯವನ್ನು ಮಾತನಾಡಬೇಕಾಗುತ್ತಿತ್ತು.

ತೂತುಗಳ ಮೂಲಕ ತೆಳುವಾದ ರಾಳವನ್ನು ಸುರಿದು ಕುಂಬು ಮರವನ್ನೇ ಗಟ್ಟಿಮಾಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಕಿಟಕಿಯ ಚೌಕಟ್ಟಿಗೆ ಅದು ಸಾಕಾದೀತು. ಯಂತ್ರ ಹೊರುವ ಗೋಡೆಗೆ ನಾನಂತೂ ಮಾಡಲಾರೆ. ನೀರಿನಿಂದ ತುಂಬಿದ ಕೊಳವೆಯೊಳಗೆ ರಾಳ ಹೊಗುವುದಾದರೂ ಹೇಗೆ? ಮರವನ್ನೇ ಬಿಟ್ಟು ಗಟ್ಟಿ ನೊರೆಯ ಹಲಗೆಗಳನ್ನು ಹಾಕುವವರೂ ಇದ್ದಾರೆ. ಅದು ಒಳ್ಳೆಯದೇ, ಆದರೆ ದುಬಾರಿ. ಮೇಲಾಗಿ ಒಣಗಿದ್ದ ಮರ ಯಾರಿಗೂ ಮೋಸ ಮಾಡಿಲ್ಲ.

ದೊಡ್ಡ ಮಕ್ಕಳಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಮುಂದೆ ಕೈ ಹಾಕಬಹುದಾದ್ದರಿಂದ ಒಂದು ಎಚ್ಚರಿಕೆ. ಫೈಬರನ್ನು ಉಜ್ಜುವಾಗ ಏಳುವ ಧೂಳು ಗಾಜಿನ ಧೂಳು; ಒಳ್ಳೆಯ ಮುಖವಾಡ, ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಕೂಡದು. ಪಾಲಿಯೆಸ್ಟರ್ ರಾಳಕ್ಕೆ ಹಾಕುವ ವೇಗವರ್ಧಕ ಹಾಗೂ ಗಟ್ಟಿಕಾರಕ ಎಂಬ ಎರಡು ದ್ರವಗಳನ್ನು ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸಿಡಿಯುತ್ತವೆ. ಎಪಾಕ್ಸಿಯನ್ನು ಚೊಂಬಿನ ತುಂಬ ಒಟ್ಟಿಗೆ ಕಲಸಿಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ. ಸ್ವಲ್ಪಸ್ವಲ್ಪವಾಗಿ ಅಗಲ ತಟ್ಟೆಯಲ್ಲಿ ಕಲಸಬೇಕು.

ದೋಣಿ ಇಪ್ಪತ್ತೈದು ದಿನಕ್ಕಲ್ಲ, ಇಪ್ಪತ್ತೊಂಬತ್ತನೆಯ ದಿನಕ್ಕೆ ನೀರಿಗಿಳಿಯಿತು. ಮೊದಲನೆಯ ದಿನ ನಾನೂ ಅದರಲ್ಲಿ ಹೋಗಬೇಕೆಂದು ಮಾವ ಹೇಳಿದರು. ಕಟ್ಟಿದವನು ಕೂತಿರಬೇಕೆಂಬುದು ಅವರ ನಿಯಮ. ಹೋದೆ, ಯಂತ್ರ ಪೂರ್ಣವೇಗದಲ್ಲಿದ್ದಾಗ ಹಿಂಗೋಡೆಯ ಮೇಲೆ ಅಂಗೈಯಿಟ್ಟು ಕೂತಿದ್ದೆ. ಮಾವ ಈಗ ಕಡಲಿಗಿಳಿಯುವುದಿಲ್ಲ, ಮಗ ಇಳಿಯುತ್ತಾನೆ. ಪ್ರತಿ ಜೂನ್ ತಿಂಗಳಲ್ಲಿ ಯಂತ್ರ ಬಿಚ್ಚಿದ ಮೇಲೆ ಸುತ್ತಿಗೆಯ ಹಿಡಿಯಿಂದ ಹಿಂಗೋಡೆಯನ್ನು ಕುಟ್ಟಿ, ಆ ಸದ್ದನ್ನು ದೂರವಾಣಿಯಲ್ಲಿ ನನಗೆ ಕೇಳಿಸುತ್ತಾನೆ.

ಪೋಷಕರು ಮನೆಗೆ ಹೋದ ಮೇಲೆ ಬಚ್ಚಲುಮನೆಯ ಬಾಗಿಲಿನ ಕೆಳಅಂಚನ್ನು ಒಮ್ಮೆ ಮುಟ್ಟಿ ನೋಡಬಹುದು. ಬಡಗಿ ಎರಡೂ ಮೈಗೆ ಬಣ್ಣ ಹಚ್ಚಿ ಆ ಅಂಚನ್ನು ಹಾಗೆಯೇ ಬಿಟ್ಟಿರುವುದು ಸಾಮಾನ್ಯ.

ಮಕ್ಕಳೆ, ಸಭೆ ಮುಗಿದ ಬಳಿಕ ಈ ಎರಡು ತುಂಡುಗಳ ಬಳಿಗೆ ಬನ್ನಿರಿ. ಮೂಸಿ ನೋಡಬಹುದು, ಕುಟ್ಟಿ ನೋಡಬಹುದು. ಹೊದಿಕೆಯನ್ನು ಮಾತ್ರ ಕೀಳಬೇಡಿರಿ. ಕುಟ್ಟುವುದಕ್ಕೆ ಒಂದು ನಾಣ್ಯ ಸಾಕು, ಅದನ್ನು ನೀವೇ ತರತಕ್ಕದ್ದು.